ಬೆಂಚಿನ ಮಾತು ಬಿಟ್ಟ ನಲವತ್ತು ದಿನ

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ನಮ್ಮ ಕಡೆಯ ಕ್ರೈಸ್ತರು ಶ್ರಮೆಯ ದಿನಗಳು ಎನ್ನುತ್ತೇವೆ. ಸ್ವಾಮಿ ಪಟ್ಟ ಪಾಡನ್ನು ನೆನೆದು ಒಬ್ಬೊಬ್ಬರು ತಮಗೆ ಇಷ್ಟವಾದ ಏನಾದರೊಂದನ್ನು ಬಿಡುವುದು ಪದ್ಧತಿ. ಮೊನ್ನೆ ನನ್ನ ಸೊಸೆ ಕಾಫಿ ಬಿಟ್ಟಳು. ಎರಡನೆಯ ದಿನಕ್ಕೇ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಮೊಮ್ಮಗ ಬಹಳ ಯೋಚನೆ ಮಾಡಿ ಹಾಗಲಕಾಯಿ ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜೀ, ನೀನೇನು ಬಿಡ್ತೀಯ?" ಎಂದ. ಈ ವಯಸ್ಸಿನಲ್ಲಿ ಬಿಡುವುದಕ್ಕೆ ನನ್ನಲ್ಲಿ ಉಳಿದಿರುವುದಾದರೂ ಏನು? ಮಾಂಸವನ್ನು ಹಲ್ಲು ಬಿಡಿಸಿತು, ಸಿಹಿಯನ್ನು ಡಾಕ್ಟರು ಬಿಡಿಸಿದರು. ಯೋಚಿಸುತ್ತ ಕೂತವಳಿಗೆ ಹಿಂದೂಪುರದಲ್ಲಿದ್ದಾಗ ಒಂದು ವರ್ಷ ನಾನು ಬಿಟ್ಟದ್ದು ನೆನಪಾಗಿ ನಗು ಬಂತು. ಅದು ತಿನ್ನುವುದೂ ಆಗಿರಲಿಲ್ಲ, ಕುಡಿಯುವುದೂ ಆಗಿರಲಿಲ್ಲ.

ಅದನ್ನು ಹೇಳುವ ಮೊದಲು ನಮ್ಮಪ್ಪನ ನಶ್ಯದ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕಲ್ಯಾಣದುರ್ಗದಲ್ಲಿ. ಅಪ್ಪ ಅಲ್ಲಿ ಶಾಲೆಯ ಮೇಷ್ಟರು. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತೆಲುಗು, ಕೋಪ ಬಂದರೆ ಎರಡೂ. ಶ್ರಮೆಯ ದಿನಗಳಲ್ಲಿ ನಾವು ಹೆಣ್ಣುಮಕ್ಕಳು ಹೂ ಮುಡಿಯುವಂತಿರಲಿಲ್ಲ. ಹಿತ್ತಲಿನ ಕನಕಾಂಬರ ಗಿಡದಲ್ಲೇ ಅರಳಿ ಗಿಡದಲ್ಲೇ ಬಾಡುತ್ತಿತ್ತು. ನಾನು ಹೋಗಿ ಹೋಗಿ ಅದರ ಮುಂದೆ ನಿಂತು ಬರುತ್ತಿದ್ದೆ. ಒಂದು ವರ್ಷ ಅಪ್ಪ ನಶ್ಯ ಬಿಟ್ಟರು. ಬಿಟ್ಟವರು ಸುಮ್ಮನಿದ್ದರೆ ಸರಿ. ಸಾರಿಗೆ ಉಪ್ಪಿಲ್ಲ ಎಂದು ಕೂಗಿದರು, ಉಪ್ಪು ಹಾಕಿದರೆ ಹೆಚ್ಚಾಯಿತೆಂದು ಕೂಗಿದರು, ಮಾಡಿನ ಮೇಲೆ ಕೂತ ಕಾಗೆಯನ್ನೂ ಬಿಡಲಿಲ್ಲ. ವಾರ ಕಳೆಯುವುದರಲ್ಲಿ ಅಮ್ಮ ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರಿಗೂ ಕೇಳುವಂತೆ ಬೇಡಿಕೊಂಡಳು:

"ಸ್ವಾಮೀ, ಇವರ ನಶ್ಯ ಇವರಿಗೆ ಕೊಟ್ಬುಡಪ್ಪಾ. ಬೇಕಾದ್ರೆ ಅದರ ಬದ್ಲು ನನ್ನ ಎಲೆ ಅಡಿಕೆ ತಕೋ."

ಅಪ್ಪ ಪ್ರಾರ್ಥನೆಯ ಮಧ್ಯದಲ್ಲೇ ಕಣ್ಣು ಬಿಟ್ಟದ್ದನ್ನು ನಾನು ನೋಡಿದೆ. ನಾನೂ ಕಣ್ಣು ಬಿಟ್ಟಿದ್ದೆನೆಂದು ಬೇರೆ ಹೇಳಬೇಕಾಗಿಲ್ಲ. ಮಾರನೆಯ ದಿನ ನಶ್ಯದ ಡಬ್ಬಿ ಅಪ್ಪನ ಸೊಂಟಕ್ಕೆ ವಾಪಸು ಬಂತು, ಮನೆಗೆ ಶಾಂತಿ ಬಂತು. ಅಮ್ಮ ಮಾತ್ರ ಹೇಳಿದಂತೆ ಈಸ್ಟರಿನವರೆಗೆ ಎಲೆ ಅಡಿಕೆ ಮುಟ್ಟಲಿಲ್ಲ.

ಮದುವೆಯಾಗಿ ಹಿಂದೂಪುರಕ್ಕೆ ಬಂದೆ. ನಮ್ಮ ಯಜಮಾನರು ರೈಲ್ವೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ಮನೆಯಲ್ಲಿ ಅವರು, ನಾನು, ನಮ್ಮತ್ತೆ. ಅತ್ತೆ ರೊದ್ದದ ಕಡೆಯವರು. ಗಟ್ಟಿ ದನಿ, ಗಟ್ಟಿ ಕೈ. ತಾಯಿ ಮಗನಿಗೆ ಒಬ್ಬರ ಮೇಲೊಬ್ಬರಿಗೆ ಪ್ರಾಣ. ದೇಶಕ್ಕೆ ಸ್ವಾತಂತ್ರ್ಯ ಬಂದ ಮರು ವರ್ಷವೋ ಅದರ ಮರು ವರ್ಷವೋ, ಇಂಥ ತಾಯಿ ಮಗನ ಮಧ್ಯೆ ಚರ್ಚಿನ ಬೆಂಚುಗಳು ಬಂದು ಕೂತವು.

ನಮ್ಮ ಚರ್ಚಿನಲ್ಲಿ ಅಲ್ಲಿಯವರೆಗೆ ಎಲ್ಲರೂ ಈಚಲು ಚಾಪೆಯ ಮೇಲೆ ಕೂರುತ್ತಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಕ್ರಿಸ್ಮಸ್ಸಿಗೆ ಮುಂಚೆ ಕಂಟ್ರಾಕ್ಟರ್ ದೇವದಾಸಯ್ಯನವರು ತೀರಿಹೋದ ತಮ್ಮ ತಂದೆಯ ಹೆಸರಿನಲ್ಲಿ ತೇಗದ ಬೆಂಚುಗಳನ್ನು ಮಾಡಿಸಿ ಗಾಡಿಗಳಲ್ಲಿ ತಂದು ಇಳಿಸಿದರು. ನಮ್ಮ ಚರ್ಚಿನ ಸಭೆಯಲ್ಲಿ ಕಾರು ಇದ್ದವರು ಅವರೊಬ್ಬರೇ. ಬೆಂಚುಗಳನ್ನು ಮುಂದೆ ಸಾಲಾಗಿ ಹಾಕಿದರು. ಷರಟು ಹಾಕಿದವರು, ಚಪ್ಪಲಿ ಮೆಟ್ಟಿ ಬರುವವರು ಅವುಗಳ ಮೇಲೆ ಕೂತರು. ಪರಿಗಿಯ ಕಡೆಯಿಂದ ನಡೆದುಕೊಂಡು ಬರುವ ಹಳ್ಳಿಯವರಿಗೆ, ಮುದುಕಿಯರಿಗೆ ಚಾಪೆಯ ಜಾಗ ಹಿಂದಕ್ಕೆ ಸರಿಯಿತು. ಅವರಿಗೆ ಅಯ್ಯನವರ ಮುಖ ಕಾಣದು, ಬೆಂಚಿನವರ ಬೆನ್ನು ಕಾಣುತ್ತಿತ್ತು.

ಅಯ್ಯನವರೆಂದರೆ ನಮ್ಮ ಪಾದ್ರಿಗಳು. ಮೆದು ಮಾತಿನ ಮನುಷ್ಯ. ಹೊಸ ವರ್ಷದ ಆರಾಧನೆಯ ಹೊತ್ತಿಗೆ ಅವರು ಬೆಂಚುಗಳನ್ನು ಗೋಡೆಯ ಬದಿಗೆ ಸರಿಸಿ ನಡುವೆ ಚಾಪೆ ಹಾಸಿಸಿದರು. ಅಷ್ಟೇ ಆದದ್ದು. ದೇವದಾಸಯ್ಯನವರು ಅರ್ಧ ಆರಾಧನೆಯಲ್ಲಿ ಎದ್ದು ಹೋದರು. ಆ ದಿನದಿಂದ ನಮ್ಮ ಸಭೆಯಲ್ಲಿ ಬೆಂಚಿನವರು, ಚಾಪೆಯವರು ಎಂದು ಎರಡು ಪಂಗಡಗಳಾದವು. ಒಂದು ಭಾನುವಾರ ಚಾಪೆಗಳು ಕಾಣೆಯಾಗಿ ಬಾವಿಯ ಹಿಂದೆ ಸಿಕ್ಕಿದವು. ಇನ್ನೊಂದು ಭಾನುವಾರ ಬೆಂಚಿಗೆ ಯಾರೋ ಹರಳೆಣ್ಣೆ ಸವರಿದ್ದರು. ಅಯ್ಯನವರನ್ನು ಕಲ್ಯಾಣದುರ್ಗಕ್ಕೆ ವರ್ಗ ಮಾಡಿಸಬೇಕೆಂದು ಬೆಂಚಿನವರು ಹಟ ಹಿಡಿದರು. ನಮ್ಮೂರಿಗೆ ಹೋಗುವುದನ್ನು ಇವರೆಲ್ಲ ಜೈಲಿಗೆ ಹೋಗುವ ಹಾಗೆ ಮಾತಾಡುತ್ತಿದ್ದದ್ದು ನನಗೆ ಬೇಜಾರು. ಆದರೆ ನನ್ನ ಬೇಜಾರನ್ನು ಕೇಳುವವರು ಯಾರು?

ನಮ್ಮ ಯಜಮಾನರು ಬೆಂಚಿನವರು, ಅತ್ತೆ ಚಾಪೆಯವರು. ಮೊದಮೊದಲು ಊಟದ ಹೊತ್ತಿನಲ್ಲಿ ವಾದ ಮಾಡುತ್ತಿದ್ದರು. ಆಮೇಲೆ ನೇರವಾಗಿ ಮಾತಾಡುವುದನ್ನೇ ಬಿಟ್ಟರು. ನಾನು ನಡುವಿನ ಟಪಾಲಿನವಳಾದೆ.

"ಕಾಲ ಬದಲಾಗೈತೆ, ದೇವರ ಮನೇಲಿ ನಾಲ್ಕು ಜನದಂಗೆ ಕೂತ್ರೆ ತಪ್ಪಲ್ಲ ಅಂತ ಅಮ್ಮಂಗೆ ಹೇಳು" ಎಂದು ಇವರು ಅಮ್ಮನ ಎದುರಿಗೇ ಹೇಳುವರು.

"ದೇವರ ಮುಂದೆ ಕಾಲು ಇಳಿಬಿಟ್ಕಂಡು ಕೂರಾಕೆ ಅದೇನು ಸ್ಟೇಷನ್ ಪ್ಲಾಟ್‌ಫಾರಮ್ಮಾ ಅಂತ ನಿನ್ ಗಂಡನ್ನ ಕೇಳು" ಎಂದು ಅತ್ತೆ ಅಲ್ಲೇ ಕೂತು ಉತ್ತರ ಕೊಡುವರು. "ಅಯ್ಯನೋರ್ನ ಕಳ್ಸಿದ್ರೆ ನಾನೂ ಕಲ್ಯಾಣದುರ್ಗಕ್ಕೆ ನಿಮ್ಮಪ್ಪನ ಮನೇಗೆ ಹೋಯ್ತೀನಿ. ಅಲ್ಲೇ ಇದ್ಬುಡ್ತೀನಿ."

ನಮ್ಮಪ್ಪನನ್ನು ಇದರ ಬಗ್ಗೆ ಯಾರೂ ಕೇಳಿರಲಿಲ್ಲ.

ಇದೆಲ್ಲದರಲ್ಲಿ ನನಗೆ ಸಂಕಟವಾಗುತ್ತಿದ್ದದ್ದು ಅಯ್ಯನವರ ಹೆಂಡತಿ ಕರುಣಮ್ಮನನ್ನು ನೋಡಿದಾಗ. ಅವಳು ಬೆಳುಗುಪ್ಪದ ಕಡೆಯವಳು, ನನಗಿಂತ ಸ್ವಲ್ಪ ಚಿಕ್ಕವಳು. ನಮ್ಮಿಬ್ಬರಿಗೂ ಒಳ್ಳೆಯ ಸ್ನೇಹ. ಸಂಜೆ ನಮ್ಮ ಮನೆಗೆ ಬರುತ್ತಿದ್ದವಳು ಬರುವುದನ್ನು ನಿಲ್ಲಿಸಿದಳು. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಸಿಕ್ಕಾಗ ಯಾಕೆಂದು ಕೇಳಿದೆ. ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡವಳು ಹಾಗೇ ನಿಂತಳು.

"ಬಂದು ಏನ್ ಮಾಡ್ಲಿ ಅಕ್ಕ? ನಾನು ಬಾಯಿ ಬಿಟ್ರೆ ಸಾಕು, ಅಯ್ಯನೋರು ಹಂಗಂದ್ರಂತೆ ಹಿಂಗಂದ್ರಂತೆ ಅಂತ ಊರೆಲ್ಲ ಆಯ್ತದೆ. ಎಲ್ಡು ತಿಂಗ್ಳಾಯ್ತು ಕಣಕ್ಕ, ಇವತ್ತೇನ್ ಸಾರು ಅಂತ ನನ್ನ ಒಬ್ರೂ ಕೇಳಿಲ್ಲ." ಆಮೇಲೆ ದನಿ ತಗ್ಗಿಸಿ, "ಪಾತ್ರೆ ಎಲ್ಲ ಗೋಣಿಚೀಲಕ್ಕೆ ತುಂಬಿ ಇಟ್ಬುಟ್ಟಿದೀನಿ. ಹೋಗು ಅಂದ ದಿನ ಹೊರಡಾಕೆ. ಯಾರು ಬಂದು ಏನಂತಾರೋ ಅಂತ ಹಗಲೂ ಬೀದಿ ಬಾಗ್ಲು ಹಾಕ್ಕಂಡೇ ಇರ್ತೀನಿ, ಕಣ್ಣಿಗೆ ನಿದ್ದೆ ಹತ್ತಲ್ಲ. ಒಂದೇ ಮಡಕೇಲಿ ಅಡುಗೆ ಮಾಡ್ತಿದೀನಿ" ಎಂದಳು.

ಕಣ್ಣಲ್ಲಿ ನೀರು ಬಂದಿರಲಿಲ್ಲ. ಬಂದಿದ್ದರೆ ನಾನು ಸಮಾಧಾನ ಹೇಳಿ ಮನೆಗೆ ಬರುತ್ತಿದ್ದೆ. ಒಂದೇ ಮಡಕೆಯ ಮಾತು ಮಾತ್ರ ನನ್ನ ಜೊತೆಯಲ್ಲೇ ಮನೆಗೆ ಬಂತು.

ಆ ವಾರವೇ ಬೂದಿ ಬುಧವಾರ, ಶ್ರಮೆಯ ದಿನಗಳ ಮೊದಲ ದಿನ. ಸಂಜೆ ಪ್ರಾರ್ಥನೆ ಮುಗಿಸಿ ಊಟಕ್ಕೆ ಕೂತಾಗ, ಯಾರು ಏನು ಬಿಡುವುದೆಂಬ ಮಾತು ಬಂತು. ಇವರು ಬೀಡಿ ಬಿಡುತ್ತೇನೆಂದರು. ಅತ್ತೆ ಮಾಂಸ ಬಿಡುತ್ತೇನೆಂದರು. ಮುದ್ದೆ ಬಡಿಸುತ್ತಿದ್ದ ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ನಾನು ಬೆಂಚು ಬಿಡ್ತೀನಿ. ಚಾಪೇನೂ ಬಿಡ್ತೀನಿ. ಈಸ್ಟರ್ ಆಗೋವರ್ಗೂ ನನ್ನ ಕಿವಿಗೆ ಆ ಮಾತು ಬೀಳಂಗಿಲ್ಲ. ಯಾರಾದ್ರೂ ಆಡಿದ್ರೆ ನನ್ನ ಉಪವಾಸ ಮುರಿದಂಗೆ."

ಇವರು ನಕ್ಕರು. "ಅದೆಂಥ ಉಪವಾಸಾನೇ?" ಎಂದರು ಅತ್ತೆ.

"ನಾನು ಈ ಮನೇಲಿ ಒಲೆ ಹಚ್ಚೋಳು. ಉಪವಾಸ ಮುರಿದ್ರೆ ಒಲೇನೂ ಹಚ್ಚಲ್ಲ."

ಇಬ್ಬರೂ ನನ್ನ ಮುಖ ನೋಡಿದರು. ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ನಾನು ಅಷ್ಟು ಉದ್ದದ ಮಾತು ಆಡಿರಲಿಲ್ಲವೆಂದು ಕಾಣುತ್ತದೆ. ಯಾರೂ ಎದುರಾಡಲಿಲ್ಲ. ನಾನು ಸೌಟು ತೆಗೆದುಕೊಂಡು ಇಬ್ಬರ ತಟ್ಟೆಗೂ ಸಾರು ಬಿಟ್ಟೆ.

ಮೊದಲ ದಿನಗಳು ಭಯಂಕರ. ಬೆಂಚು ಚಾಪೆಗಳನ್ನು ತೆಗೆದರೆ ನಮ್ಮ ಮನೆಯಲ್ಲಿ ಆಡುವುದಕ್ಕೆ ಬೇರೆ ಮಾತೇ ಇರಲಿಲ್ಲ. ಊಟದಲ್ಲಿ ಮುದ್ದೆ ನುಂಗುವ ಸದ್ದು ಕೇಳುತ್ತಿತ್ತು. ಇವರು ಬಾಯಿ ತೆರೆದು, ನನ್ನನ್ನು ನೋಡಿ, ನೀರು ಕುಡಿದು ಮುಚ್ಚುವರು. ಭಾನುವಾರ ಬಂದಾಗ ಒಂದು ಉಪಾಯ ಹುಡುಕಿದರು. "ನಲವತ್ತು ದಿನದ ಲೆಕ್ಕದಲ್ಲಿ ಭಾನುವಾರ ಸೇರಲ್ಲ ಕಣೇ, ಅಯ್ಯನೋರೇ ಹೇಳವ್ರೆ. ಅಂದ್ಮೇಲೆ ಇವತ್ತು ಮಾತಾಡ್ಬೋದು."

"ಭಾನುವಾರ ಹೊಟ್ಟೆಗೆ ರಜ" ಎಂದೆ. "ಬಾಯಿಗಿಲ್ಲ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಎಷ್ಟೋ ದಿನಗಳ ಮೇಲೆ ಆ ನಗು ಕೇಳಿದ್ದು.

ಅದಾದ ಮೇಲೆ ಮನೆಯಲ್ಲಿ ಮೆಲ್ಲಮೆಲ್ಲಗೆ ಬೇರೆ ಮಾತು ಹುಟ್ಟಿತು. ಗೂಡ್ಸ್ ಷೆಡ್ಡಿಗೆ ಬಂದ ಬೆಲ್ಲದ ಮೂಟೆಗಳಿಗೆ ಇರುವೆ ಮುತ್ತಿ, ಸ್ಟೇಷನ್ ಮಾಸ್ಟರು ಇರುವೆಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಲೆ ಕೆರೆದುಕೊಂಡದ್ದನ್ನು ಇವರು ಹೇಳಿದರು. ಮಗ ಮಗುವಾಗಿದ್ದಾಗ ಸಂತೆಯಲ್ಲಿ ಮಣ್ಣಿನ ಕುದುರೆ ಬೇಕೆಂದು ಉರುಳಾಡಿ ಅತ್ತದ್ದನ್ನು ಅತ್ತೆ ಹೇಳಿದರು. "ಅಮ್ಮಾ, ಸಾಕು ಬುಡಮ್ಮ" ಎಂದು ಇವರು ನೇರವಾಗಿ ತಾಯಿಗೇ ಹೇಳಿದರು. ನನ್ನ ಟಪಾಲು ಕೆಲಸ ಅಂದಿಗೆ ಮುಗಿಯಿತು.

ಮನೆಯೊಳಗಿನವರ ಬಾಯಿ ಕಟ್ಟಬಹುದು, ಹೊರಗಿನವರದು ಹೇಗೆ? ಒಂದು ಮಧ್ಯಾಹ್ನ ದೇವದಾಸಯ್ಯನವರ ಕಾರು ನಮ್ಮ ಮನೆಯ ಮುಂದೆ ನಿಂತಿತು. ನಾನೂ ಅತ್ತೆಯೂ ಜಗಲಿಯ ಮೇಲೆ ಮೊರದ ತುಂಬ ಹುಣಸೆ ಚಿಗುರು ಸೋಸುತ್ತ ಕೂತಿದ್ದೆವು. ಇವರಿಗೆ ಅಂದು ರಜ.

"ಏಮಯ್ಯಾ, ಪಾದ್ರಿ ವಿಷಯ..." ಎಂದು ದೇವದಾಸಯ್ಯನವರು ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದರು. ಇವರು ಹೌಹಾರಿ ಎರಡೂ ಕೈ ಎತ್ತಿ ತಡೆದರು.

"ಅಣ್ಣಾ, ಅಣ್ಣಾ, ಆ ಮಾತು ಬೇಡಿ. ನಮ್ಮನೇಲಿ ಉಪವಾಸ."

"ಉಪವಾಸಕ್ಕೂ ಮಾತಿಗೂ ಏನಯ್ಯಾ ಸಂಬಂಧ?"

ಇವರು ನಾಚಿಕೊಂಡು ನನ್ನ ಕಡೆ ಕೈ ತೋರಿಸಿದರು. ನಾನು ಎದ್ದು ನಿಂತು, "ಈಸ್ಟರ್ ಆಗೋವರ್ಗೂ ಅಷ್ಟೇ ಅಣ್ಣಾ" ಎಂದೆ. ಅವರು ಒಂದು ಗಳಿಗೆ ನನ್ನನ್ನು ದಿಟ್ಟಿಸಿದರು. ಬೈಯುತ್ತಾರೆಂದುಕೊಂಡೆ. "ಸರ್ಲೇ ಚೆಲ್ಲೆಮ್ಮಾ", ಆಗಲಿ ತಂಗಿ, ಎಂದು ತೆಲುಗಿನಲ್ಲಿ ಹೇಳಿ, ಏನು ಮಾಡಬೇಕೋ ತಿಳಿಯದೆ ಜಗಲಿಯ ಅಂಚಿಗೆ ಕೂತರು. ಅತ್ತೆ ಒಂದು ಹಿಡಿ ಚಿಗುರನ್ನು ಅವರ ಮುಂದೆ ಸುರಿದು, "ಸುಮ್ನೆ ಕೂರಬ್ಯಾಡಪ್ಪ, ಕಡ್ಡಿ ತೆಗಿ" ಎಂದರು. ಊರಿನ ಅರ್ಧ ಸೇತುವೆಗಳನ್ನು ಕಟ್ಟಿಸಿದ ಮನುಷ್ಯ ಬಾಯಿ ಮುಚ್ಚಿಕೊಂಡು ಕಡ್ಡಿ ತೆಗೆಯತೊಡಗಿದರು.

ಎರಡು ದಿನ ಬಿಟ್ಟು ಮತ್ತೆ ಬಂದರು, ಈ ಕಡೆ ಕೆಲಸವಿತ್ತು ಎಂದರು. ಅದಾದ ಮೇಲೆ ನೆಪ ಹೇಳುವುದನ್ನೂ ಬಿಟ್ಟರು. ಅವರ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬೆಂಚಿನವರು ಕೂತಿರುತ್ತಿದ್ದರಂತೆ. ಚಾಪೆಯ ಪಂಗಡದ ಒಬ್ಬಿಬ್ಬರು ಮುದುಕಿಯರೂ ನಮ್ಮ ಜಗಲಿಗೆ ಬಂದು ಕಾಲು ಚಾಚಿ ಕೂರತೊಡಗಿದರು. ಊರಿನಲ್ಲಿ ಆ ಮಾತು ಇಲ್ಲದ ಜಗಲಿ ಅದೊಂದೇ ಎಂದು ಅವರಿಗೂ ಗೊತ್ತಾಗಿತ್ತು.

ಒಂದು ಸಂಜೆ ದೇವದಾಸಯ್ಯನವರು ಬಂದು ಕೂತಿದ್ದಾಗ ಅತ್ತೆ ತಮ್ಮ ಚಿಕ್ಕಂದಿನ ಮಾತು ತೆಗೆದರು. ಯಾರಿಗೂ ಹೇಳಬೇಕೆಂದು ಹೇಳಿದ್ದಲ್ಲ. ಚಿಗುರು ಸೋಸುತ್ತ, ಕೈ ನೋಡಿಕೊಂಡು ಹೇಳಿದ್ದು.

"ನಮ್ಮಪ್ಪ ಕೂಲಿ ಕೇಳಾಕೆ ದೊಡ್ಡೋರ ಮನೆ ಮುಂದೆ ಹೋದ್ರೆ ನಿಂತ್ಕಂಡೇ ಇರ್ಬೇಕಿತ್ತು. ಬಿಸಿಲಾಗ್ಲಿ, ಮಳೆಯಾಗ್ಲಿ. ಕೂತ್ಕ ಅಂದೋರಿಲ್ಲ. ಮೊದ್ಲ ಸಲ ಪೆನುಕೊಂಡದ ಚರ್ಚಿಗೆ ನಮ್ಮನ್ನ ಕರ್ಕಂಡು ಹೋದಾಗ್ಲೂ ಬಾಗ್ಲಲ್ಲೇ ನಿಂತ. ಒಳಗಿದ್ದೋರು ಒಬ್ರು ಚಾಪೆ ಮ್ಯಾಲೆ ಒತ್ತರಿಸ್ಕಂಡು, ಬಾರಪ್ಪ ಅಂತ ಪಕ್ಕದಾಗೆ ಜಾಗ ಕೊಟ್ರು. ಕೂತೋನು ಅತ್ಬುಟ್ಟ ಕಣಮ್ಮ ನಮ್ಮಪ್ಪ. ಯಾಕಪ್ಪ ಅಳ್ತೀಯ ಅಂತ ನಾನು ಅವನ ಪಂಚೆ ಜಗ್ಗಿದ್ದು ನೆಪ್ಪೈತೆ."

ಬಾಗಿಲಿಗೆ ಒರಗಿ ನಿಂತಿದ್ದ ಇವರು ನನ್ನ ಕಡೆ ನೋಡಿದರು. ಇದು ನಿಯಮ ಮೀರಿದ್ದೋ ಅಲ್ಲವೋ ಎಂಬ ಅನುಮಾನ ಆ ನೋಟದಲ್ಲಿತ್ತು. ನಾನು ಚಿಗುರು ಸೋಸುತ್ತಲೇ ಇದ್ದೆ. ಎರಡು ತಿಂಗಳ ವಾದದಲ್ಲಿ ಅತ್ತೆ ಒಮ್ಮೆಯೂ ಇದನ್ನು ಹೇಳಿರಲಿಲ್ಲ. ವಾದದಲ್ಲಿ ಇಂಥ ಮಾತಿಗೆ ಜಾಗವೆಲ್ಲಿತ್ತು?

ಆಮೇಲೆ ದೇವದಾಸಯ್ಯನವರೂ ಮೊರವನ್ನು ನೋಡುತ್ತ ತಮ್ಮ ತಂದೆಯ ವಿಷಯ ಹೇಳಿದರು: "ಮಾ ನಾಯನ ಕಲ್ಲು ಕೆಲ್ಸದೋನು ಪೆದ್ದಮ್ಮಾ. ಸಾಹುಕಾರರ ತೋಟಕ್ಕೆಲ್ಲ ಕೂರೋ ಕಲ್ಲು ಕೆತ್ತಿ ಕೊಟ್ಟ. ಅದರ ಮೇಲೆ ಒಂದಿನಾನೂ ಕೂರ್ಲಿಲ್ಲ. ಕೂರಂಗಿರ್ಲಿಲ್ಲ."

ಚಿಗುರು ಸೋಸುತ್ತಿದ್ದ ಅತ್ತೆಯ ಕೈ ನಿಂತಿತು.

ಅದೇ ಹೊತ್ತಿಗೆ ಬೀದಿಯಲ್ಲಿ ಕರುಣಮ್ಮ ಬಂದಳು. ನಮ್ಮ ಮನೆಯ ಉಪವಾಸದ ಸುದ್ದಿ ಅವಳಿಗೂ ತಲುಪಿತ್ತು. ಗೇಟು ತೆಗೆದವಳು ದೇವದಾಸಯ್ಯನವರನ್ನು ಕಂಡು ಅಲ್ಲೇ ನಿಂತಳು. ಅವರು ತಡಬಡಿಸಿ ಎದ್ದು ಹೆಗಲ ವಸ್ತ್ರ ಸರಿಮಾಡಿಕೊಂಡರು.

"ಎಲ್ಲಿಗಪ್ಪ ಹೊಂಟೆ? ಚಿಗುರು ಇನ್ನೂ ಐತೆ" ಎಂದರು ಅತ್ತೆ. ಆಮೇಲೆ ಗೇಟಿನ ಕಡೆ ತಿರುಗಿ, "ನೀನು ಬಾರಮ್ಮ. ಈ ಕಡೆ ಕೂತ್ಕ" ಎಂದರು.

ಅವರು ಕೂತರು. ಇವಳೂ ಬಂದು ಕೂತಳು. ನಡುವೆ ಮೊರ. ಆ ಸಂಜೆ ಹೆಚ್ಚು ಮಾತೇನೂ ಆಗಲಿಲ್ಲ. ಕರುಣಮ್ಮನ ಕೋಳಿ ಕಾವಿಗೆ ಕೂತದ್ದು, ಮೊಟ್ಟೆ ಇಡಲು ಅದು ಅಯ್ಯನವರ ಪುಸ್ತಕದ ಕಪಾಟನ್ನೇ ಹುಡುಕಿಕೊಂಡದ್ದು, ಅಯ್ಯನವರು ಅದನ್ನು ಎಬ್ಬಿಸಲು ಮನಸ್ಸಿಲ್ಲದೆ ಪುಸ್ತಕವಿಲ್ಲದೆಯೇ ಭಾನುವಾರದ ಉಪದೇಶ ತಯಾರಿಸುತ್ತಿರುವುದು, ಇಷ್ಟೇ. ದೇವದಾಸಯ್ಯನವರು, "ಅದಕ್ಕೇನಾ ಹೋದ ವಾರ ಬೇಗ ಮುಗಿಸಿದ್ದು!" ಎಂದುಬಿಟ್ಟರು. ಕರುಣಮ್ಮ ಮೊದಲು ಬೆಚ್ಚಿದಳು, ಆಮೇಲೆ ಬಾಯಿ ತುಂಬ ನಕ್ಕಳು.

ಹೀಗೆ ಗರಿಗಳ ಭಾನುವಾರ ಬಂತು, ಶುಭ ಶುಕ್ರವಾರ ಬಂತು, ಈಸ್ಟರೂ ಬಂತು. ಬೆಳಗಿನ ಆರಾಧನೆ ಮುಗಿಸಿ ಬಂದು ಕೋಳಿ ಸಾರು ಬಡಿಸಿದೆ. ಉಪವಾಸ ಮುಗಿದಿತ್ತು. ನನ್ನ ಅಧಿಕಾರವೂ ಮುಗಿದಿತ್ತು. ಇವರು ಎರಡು ತುತ್ತು ತಿಂದು ಗಂಟಲು ಸರಿಮಾಡಿಕೊಂಡರು.

"ಇವಾಗ ಮಾತಾಡ್ಬೋದಲ್ವಾ?"

"ಆಡ್ರಿ" ಎಂದೆ. ಮತ್ತೆ ಶುರುವಾಯಿತಲ್ಲ ಎನ್ನಿಸಿತು.

ಇವರು ತಟ್ಟೆ ನೋಡುತ್ತ ಹೇಳಿದರು: "ಬೆಂಚಲ್ಲೆಲ್ಲ ತಿಗಣೆ ಕಣೇ."

"ಏನು?"

"ತಿಗಣೆ. ಸಂದು ಸಂದಲ್ಲೂ. ಒಂದು ತಿಂಗ್ಳಿಂದ ಪ್ರಾರ್ಥನೇಲಿ ಕಣ್ಣು ಮುಚ್ಚಾಕಾಗ್ತಿಲ್ಲ. ಆ ಮಾತು ಎತ್ತಂಗಿಲ್ಲ ಅಂತ ನೀನು ಅಂದಿದ್ದೆ. ಎತ್ತಿದ್ರೆ ಅಮ್ಮ ನಗ್ತಾಳೆ ಅಂತ ಬ್ಯಾರೆ."

ನಾನು ಅತ್ತೆಯ ಮುಖ ನೋಡಿದೆ. ಅವರು ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ಹಿಡಿದು ಕೂತಿದ್ದರು.

"ಚಾಪೇಲೂ ಅವೆ ಕಣ್ಲಾ" ಎಂದರು ಮೆಲ್ಲಗೆ. "ನಾನೂ ಹೇಳ್ಲಿಲ್ಲ."

"ನಮ್ಮ ಬೆಂಚಿಂದ ಬಂದಿರ್ಬೇಕು."

"ನಮ್ಮ ಚಾಪೆಯಿಂದ್ಲೇ ಹೋಗಿರ್ಬೋದು, ಯಾರಿಗ್ಗೊತ್ತು."

ತಾಯಿ ಮಗ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಯಾರು ನಕ್ಕರೋ ನೆನಪಿಲ್ಲ. ಅತ್ತೆಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು, ಇವರು ಎಂಜಲು ಕೈಯಲ್ಲೇ ತಾಯಿಯ ಬೆನ್ನು ತಟ್ಟಿದರು. ನಾನು ಗೋಡೆಗೆ ಒರಗಿ ಕೂತು ಕಣ್ಣು ಒರೆಸಿಕೊಂಡೆ. ಅದೆಲ್ಲವೂ ನಕ್ಕದ್ದಕ್ಕೇ ಬಂದ ನೀರಲ್ಲ.

ವಿಚಾರಿಸಿದರೆ ಇಡೀ ಸಭೆಯನ್ನು ತಿಗಣೆ ಕಚ್ಚುತ್ತಿತ್ತು. ತಮ್ಮ ಪಕ್ಷಕ್ಕೆ ಕೆಟ್ಟ ಹೆಸರು ಬಂದೀತೆಂದು ಎರಡು ಕಡೆಯವರೂ ತುಟಿ ಬಿಚ್ಚದೆ ಕಚ್ಚಿಸಿಕೊಳ್ಳುತ್ತಿದ್ದರು. ಮಾರನೆಯ ದಿನ ಬೆಳಿಗ್ಗೆ ಎಲ್ಲರೂ ಸೇರಿ ಬೆಂಚು, ಚಾಪೆ ಎಲ್ಲವನ್ನೂ ಹೊರಗೆ ತಂದು ಅಂಗಳದ ಬಿಸಿಲಿಗೆ ಹಾಕಿದರು. ಹಂಡೆಗಳಲ್ಲಿ ನೀರು ಕುದಿಯಿತು. ದೇವದಾಸಯ್ಯನವರು ಪಂಚೆ ಎತ್ತಿ ಕಟ್ಟಿ, ತಂದೆಯ ಹೆಸರಿದ್ದ ಬೆಂಚಿನ ಸಂದಿಗೆ ತಾವೇ ಸೀಮೆಎಣ್ಣೆ ಬಿಟ್ಟರು. ಅತ್ತೆ ಅವರ ಹಿಂದೆ ನಿಂತು, "ಅಲ್ಲೊಂದು ಓಡ್ತಾ ಐತೆ, ಹಿಡಿಯಪ್ಪ" ಎಂದು ಅಪ್ಪಣೆ ಕೊಡುತ್ತಿದ್ದರು. ಅಯ್ಯನವರು ನೀರು ಹೊತ್ತರು.

ಒಣಗಿದ ಮೇಲೆ ಯಾವುದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಮತ್ತೆ ಎದ್ದಿತು. ಬೆಂಚುಗಳನ್ನು ಗೋಡೆಯ ಬದಿಗೇ ಇಡಲು ದೇವದಾಸಯ್ಯನವರು ಆಳುಗಳಿಗೆ ಹೇಳಿದರು. ಮಂಡಿ ನೋವಿನವರು, ಮುದುಕರು ಅಲ್ಲಿ ಕೂರಲಿ ಎಂದರು. ನಮ್ಮ ಯಜಮಾನರು ಮುಂದಿನ ಭಾನುವಾರ ಚಾಪೆಗೆ ಬಂದರು, ಕಾಲು ಜೋಮು ಹಿಡಿಯಿತೆಂದು ಅದರ ಮುಂದಿನ ಭಾನುವಾರ ಬೆಂಚಿಗೆ ಹೋದರು. ಯಾರೂ ಅದನ್ನು ಗಮನಿಸಲಿಲ್ಲ. ವರ್ಗದ ಮಾತು ನಿಂತಿತು. ಎಷ್ಟೋ ಕಾಲದ ಮೇಲೆ ಅಯ್ಯನವರಿಗೆ ಕಲ್ಯಾಣದುರ್ಗಕ್ಕೇ ವರ್ಗವಾಯಿತು, ಆದರೆ ಅದು ಎಲ್ಲ ಪಾದ್ರಿಗಳಿಗೂ ಆಗುವಂಥ ವರ್ಗ. ನಮ್ಮಪ್ಪ ನಶ್ಯದ ಡಬ್ಬಿ ಹಿಡಿದು ಅವರನ್ನು ಬಸ್ಸಿನ ಹತ್ತಿರವೇ ಎದುರುಗೊಂಡರಂತೆ.

ತಿಗಣೆಯ ಕೆಲಸ ನಡೆದ ಮಾರನೆಯ ದಿನ ಸಂಜೆ ಕರುಣಮ್ಮ ನಮ್ಮ ಜಗಲಿಗೆ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಅಚ್ಚೊತ್ತಿತ್ತು, ಕಣ್ಣು ಊದಿಕೊಂಡಿತ್ತು. ನಾನು ಗಾಬರಿಯಾಗಿ, "ಯಾಕೆ ಕರುಣಾ, ಮೈಗೆ ಹುಷಾರಿಲ್ವಾ?" ಎಂದೆ.

ಅವಳು ಕಂಬಕ್ಕೆ ಒರಗಿ ಕೂತು ಉದ್ದಕ್ಕೆ ಆಕಳಿಸಿದಳು.

"ಇಲ್ಲ ಕಣಕ್ಕ" ಎಂದಳು. "ಮಧ್ಯಾಹ್ನ ಮಲಗಿದ್ದೆ. ಬೀದಿ ಬಾಗ್ಲು ತೆಗೆದೇ ಇಟ್ಟು ಮಲಗ್ಬುಟ್ಟಿದ್ದೆ."